ಶೋಸ್ತಕೋವಿಚ್ ಓಪಸ್ 87: ಯಾರ ರೆಕಾರ್ಡಿಂಗ್ ಯಾವುದಕ್ಕೆ?

ರಷ್ಯದ ಸಂಯೋಜಕ ದ್ಮಿತ್ರಿ ಶೋಸ್ತಕೋವಿಚ್ ಅವರ ಓಪಸ್ (ಕೃತಿಸಂಖ್ಯೆ) 87 ಎಂದರೆ ಪಿಯಾನೊಗೆ ಬರೆದ ‘24 ಪ್ರೆಲ್ಯೂಡ್ ಮತ್ತು ಫ್ಯೂಗ್’: ಒಂದು ಪೀಠಿಕೆ (ಪ್ರೆಲ್ಯೂಡ್), ಅದರ ಬೆನ್ನಿಗೆ ಹಲವು ಕಂಠಗಳ ಒಂದು ಫ್ಯೂಗ್, ಹೀಗೆ 24 ಜೋಡಿ. ಕೆಲವರ ಕೈಯಲ್ಲಿ ಇದು ಎರಡೂಕಾಲು ಗಂಟೆಗೆಲ್ಲ ಮುಗಿಯುತ್ತದೆ. ರಷ್ಯದ ಪಿಯಾನೊ ವಾದಕಿ ತತ್ಯಾನ ನಿಕೊಲಾಯೆವಾ ಅವರ ಕೈಯಲ್ಲಿ ಎರಡೂಮುಕ್ಕಾಲು ಗಂಟೆ ಹಿಡಿಯುತ್ತದೆ. ಬರಹ ಒಂದೇ, ಸ್ವರಗಳೂ ಅವೇ. ಹಾಗಾದರೆ ಆ ಅರ್ಧ ಗಂಟೆ ಹೋಗಿದ್ದೆಲ್ಲಿ? ಇದನ್ನು ಹುಡುಕುತ್ತ ಹೋದರೆ ಯಾವ ಸೆಟ್ ಯಾರಿಗೆ ಹೊಂದುತ್ತದೆ ಎಂಬುದು ತಾನಾಗಿ ತಿಳಿಯುತ್ತದೆ.

ಇಲ್ಲಿ ಹೋಲಿಸಿರುವುದು (ಆವರಣದಲ್ಲಿ ರೆಕಾರ್ಡ್ ಕಂಪನಿ, ವರ್ಷ) ಆರು ಪೂರ್ತಿ ಸೆಟ್‌ಗಳನ್ನು: ನಿಕೊಲಾಯೆವಾ (ಹೈಪೀರಿಯನ್, 1990), ಕೀತ್ ಜ್ಯಾರೆಟ್ (ಇಸಿಎಂ, 1991), ವ್ಲಾದಿಮಿರ್ ಅಶ್ಕೆನಾಜಿ (ಡೆಕ್ಕಾ, 1990ರ ದಶಕದ ಕೊನೆ), ಕಾನ್‌ಸ್ಟಾಂಟಿನ್ ಶೆರ್ಬಕೋವ್ (ನ್ಯಾಕ್ಸೋಸ್), ಅಲೆಕ್ಸಾಂಡರ್ ಮೆಲ್ನಿಕೋವ್ (ಹಾರ್ಮೋನಿಯಾ ಮುಂಡಿ, 2010ರಲ್ಲಿ ಬಿಡುಗಡೆ), ಈಗೋರ್ ಲೆವಿಟ್ (ಸೋನಿ, 2021). ಜೊತೆಗೆ ಎರಡು ಬಿಡಿ ರೆಕಾರ್ಡಿಂಗ್‌ಗಳು: ಸ್ವಿಯಾತೊಸ್ಲಾವ್ ರಿಕ್ಟರ್ 1963ರಲ್ಲಿ ಪ್ಯಾರಿಸ್‌ನಲ್ಲಿ ಫಿಲಿಪ್ಸ್‌ಗಾಗಿ ನುಡಿಸಿದ ಆರು ಜೋಡಿ, ಮತ್ತು ಸ್ವತಃ ಶೋಸ್ತಕೋವಿಚ್ ನುಡಿಸಿ ಇಎಂಐ ಹೊರತಂದ ಐದು ಜೋಡಿ.

ಹುಡುಕುವಾಗಲೇ ಒಂದು ಎಡವಟ್ಟು ಆಗುವುದುಂಟು. 1932–33ರಲ್ಲಿ ಬರೆದ ‘24 ಪ್ರೆಲ್ಯೂಡ್‌ಗಳು’ ಓಪಸ್ 34. ಅದರಲ್ಲಿ ಫ್ಯೂಗ್ ಇಲ್ಲ, ಒಟ್ಟು ಅರ್ಧ ಗಂಟೆಯ ಆಸುಪಾಸು. ಬೇಕಾದದ್ದು ಓಪಸ್ 87. ನಿಕೊಲಾಯೆವಾ ಹೆಸರಿನಲ್ಲೂ ಒಂದಲ್ಲ, ಮೂರು ಸ್ಟುಡಿಯೋ ಸೆಟ್‌ಗಳಿವೆ: ಸೋವಿಯತ್ ಕಂಪನಿ ಮೆಲೋಡಿಯಾಗೆ 1962 ಮತ್ತು 1987ರವು, ಹೈಪೀರಿಯನ್‌ಗೆ 1990ರದು. ಸ್ಟ್ರೀಮಿಂಗ್ ಆ್ಯಪ್‌ಗಳು ಮರುಬಿಡುಗಡೆಯ ವರ್ಷವನ್ನೇ ತೋರಿಸುವುದರಿಂದ ವರ್ಷ ನಂಬಬೇಡಿ, ಕಂಪನಿಯ ಹೆಸರು ನೋಡಿ. ಹೈಪೀರಿಯನ್ ಸ್ಟ್ರೀಮಿಂಗ್‌ಗೆ ಬಂದಿದ್ದೇ 2023ರಲ್ಲಿ. ಹಾಗಾಗಿ ಹಳೆಯ ಪ್ಲೇಲಿಸ್ಟ್‌ಗಳಲ್ಲಿ ‘ನಿಕೊಲಾಯೆವಾ’ ಎಂದಿದ್ದರೆ ಬಹುತೇಕ ಅದು ಮೆಲೋಡಿಯಾದ್ದೇ.

ಕೇಳುವ ಮೊದಲು ಆ್ಯಪ್‌ನಲ್ಲಿ ಮೂರು ಕೆಲಸ ಮಾಡಿ. ಒಂದು ಹಾಡು ಕರಗುತ್ತ ಇನ್ನೊಂದು ಮೇಲೇಳುವ ‘ಕ್ರಾಸ್‌ಫೇಡ್’ ಆಫ್ ಮಾಡಿ. ಇಲ್ಲದಿದ್ದರೆ ಪ್ರೆಲ್ಯೂಡ್‌ನ ಕೊನೆಯ ಸ್ವರದ ಮೇಲೆ ಫ್ಯೂಗ್‌ನ ಮೊದಲ ಸ್ವರ ಬಂದು ಕೂರುತ್ತದೆ. ಎರಡನೆಯದು, ‘ಗ್ಯಾಪ್‌ಲೆಸ್’ ಚಾಲೂ ಇರಲಿ. ಅನೇಕ ಪ್ರೆಲ್ಯೂಡ್‌ಗಳ ಕೊನೆಯಲ್ಲಿ ‘ಅಟಾಕ್ಕಾ’, ಅಂದರೆ ನಿಲ್ಲದೆ ಮುಂದಕ್ಕೆ, ಎಂಬ ಸೂಚನೆಯಿದೆ. ನಡುವೆ ಎರಡು ಸೆಕೆಂಡಿನ ಮೌನ ತೂರಿದರೆ ಜೋಡಿ ಮುರಿಯುತ್ತದೆ. ಮೂರನೆಯದು, ಟ್ರ್ಯಾಕ್‌ಗಳ ಸದ್ದನ್ನು ಒಂದೇ ಮಟ್ಟಕ್ಕೆ ತರುವ ‘ನಾರ್ಮಲೈಸೇಶನ್’ ತೆಗೆಯಿರಿ. ಅದು ಮೆಲ್ಲಗಿನದನ್ನು ಎತ್ತಿ, ಜೋರಿನದನ್ನು ತಗ್ಗಿಸಿ, ಹೋಲಿಸಬೇಕಾದ ವ್ಯತ್ಯಾಸವನ್ನೇ ಅಳಿಸಿಬಿಡುತ್ತದೆ. ವಾಲ್ಯೂಮನ್ನು 1ನೆಯದರ ಮೆಲುದನಿಗೆ ಹೊಂದಿಸಿಕೊಂಡರೆ 24ರ ಕೊನೆಯಲ್ಲಿ ಕಿವಿ ಮುಚ್ಚಿಕೊಳ್ಳಬೇಕಾಗುತ್ತದೆ. ಮೊದಲು 24ರ ಕೊನೆಯ ಒಂದು ನಿಮಿಷ ಹಾಕಿ ಮಟ್ಟ ಗೊತ್ತುಮಾಡಿ, ಆಮೇಲೆ 1ಕ್ಕೆ ಬನ್ನಿ.

ಇಪ್ಪತ್ತನಾಲ್ಕನ್ನೂ ಆರು ಸಲ ಕೇಳುವಷ್ಟು ಪುರುಸೊತ್ತು ಯಾರಿಗಿದೆ? ನಾಲ್ಕು ಫ್ಯೂಗ್ ಸಾಕು: 7, 15, 16, 24. ಒಂದೊಂದೂ ವಾದಕರ ಒಂದೊಂದು ದೌರ್ಬಲ್ಯವನ್ನು ಹೊರಗೆಳೆಯುತ್ತದೆ.

ಮೊದಲು 7, ಎ ಮೇಜರ್ (ಎ ಸ್ವರವೇ ಷಡ್ಜವಾದ ಶ್ರೇಣಿ). ಇದರ ಎಳೆ, ಅಂದರೆ ಫ್ಯೂಗ್ ಉದ್ದಕ್ಕೂ ಮರಳಿ ಬರುವ ಮೂಲ ಸಾಲು, ಕಹಳೆಯ ಕೂಗಿನಂತಿದೆ. ಎ ಮೇಜರ್ ಕಾರ್ಡಿನ (ಒಟ್ಟಿಗೆ ನುಡಿಯುವ ಸ್ವರಗುಂಪಿನ) ಮೂರು ಸ್ವರ ಬಿಟ್ಟರೆ ಬೇರೇನೂ ಇಲ್ಲ. ಫ್ಯೂಗ್‌ನಲ್ಲಿ ಒಂದು ಕಂಠ (ಪಿಯಾನೊದ ಮೇಲೇ ನಡೆಯುವ ಒಂದು ಸ್ವತಂತ್ರ ಸ್ವರಸಾಲು) ಎಳೆಯನ್ನು ಹೇಳಿ ಮುಗಿಸುತ್ತಿದ್ದಂತೆ ಇನ್ನೊಂದು ಕಂಠ ಬೇರೆ ಸ್ಥಾಯಿಯಲ್ಲಿ ಅದನ್ನೇ ಎತ್ತಿಕೊಳ್ಳುತ್ತದೆ, ಮೊದಲಿನದು ಸುಮ್ಮನಾಗದೆ ತನ್ನ ದಾರಿಯಲ್ಲಿ ಮುಂದುವರಿಯುತ್ತದೆ. (ಪಲ್ಲವಿಯ ಸಾಲು ಬೇರೆ ಬೇರೆ ಸ್ಥಾಯಿಯಲ್ಲಿ ಮರಳಿ ಬರುವುದು ನಮಗೆ ಹೊಸತಲ್ಲ, ಹಿಂದಿನದು ನಿಲ್ಲದಿರುವಾಗಲೇ ಮುಂದಿನದು ಶುರುವಾಗುವುದೇ ಹೊಸತು.) ಇಲ್ಲಿ ಎಲ್ಲ ಕಂಠಗಳೂ ಆ ಹೊತ್ತಿನ ಕಾರ್ಡಿನ ಸ್ವರಗಳನ್ನೇ ಹೇಳುವುದರಿಂದ ಎಲ್ಲಿಯೂ ಕರ್ಕಶ ಇಲ್ಲ. ಅಪಾಯ ಇರುವುದು ಅಲ್ಲೇ. ಸ್ವರವನ್ನು ಮೊಳಗುತ್ತ ಹಿಡಿದಿಡುವ ಕಾಲಿನ ಪೆಡಲ್ ಸ್ವಲ್ಪ ಹೆಚ್ಚಾದರೂ ಮೂರು ಕಂಠ ಕರಗಿ ಒಂದೇ ಉದ್ದನೆಯ ಕಾರ್ಡ್ ಆಗುತ್ತದೆ, ಎಳೆ ಯಾವಾಗ ಬಂತು, ಯಾವಾಗ ಹೋಯಿತು ಗೊತ್ತೇ ಆಗುವುದಿಲ್ಲ. ಪೆಡಲ್ ಪೂರ್ತಿ ಬಿಟ್ಟರೆ ಬೆರಳ ಸಾಧನೆಯ ಪಾಠದಂತೆ ಒಣಗುತ್ತದೆ.

ಈ ಪರೀಕ್ಷೆಯಲ್ಲಿ ಜ್ಯಾರೆಟ್ ಮೊದಲು. ಜಾಝ್ ವಾದಕ ಎಂದು ಸ್ವಿಂಗ್ (ಜಾಝ್‌ನ ತೂಗಾಡುವ ಲಯ) ನಿರೀಕ್ಷಿಸಿದವರಿಗೆ ನಿರಾಶೆ. ಅವರು ಬರೆದದ್ದನ್ನು ಬರೆದಂತೆ, ಪೆಡಲನ್ನು ಕಾಲ್ತುದಿಯಲ್ಲಿ ಮುಟ್ಟಿ ಬಿಡುತ್ತ ನುಡಿಸುತ್ತಾರೆ. ಮೂರು ಕಂಠವೂ ಬಿಡಿಬಿಡಿಯಾಗಿ ಕೇಳುತ್ತವೆ. ಸ್ವಿಟ್ಜರ್ಲೆಂಡಿನ ಲಾ ಶೋ ದ ಫೋಂ ಊರಿನ ಸಭಾಂಗಣದ ನಾದವೂ ನೆರವಾಗಿದೆ. ಲೆವಿಟ್ ಇದನ್ನು ಇನ್ನೂ ಮೆಲ್ಲಗೆ, ಪಿಸುಮಾತಿಗೆ ಹತ್ತಿರವಾಗಿ ನುಡಿಸುತ್ತಾರೆ. ಹೆಡ್‌ಫೋನಿನಲ್ಲಿ ಸೊಗಸು, ಅಡುಗೆಮನೆಯ ಸ್ಪೀಕರಿನಲ್ಲಿ ಅರ್ಧ ಕಾಣೆ. ನಿಕೊಲಾಯೆವಾ ಅವರದು ಗಂಟೆಯ ನಾದ. ಸುಂದರ, ನಿಜ, ಆದರೆ ಹೈಪೀರಿಯನ್ ಮುದ್ರಣದಲ್ಲಿ ಕೋಣೆಯ ಗುಂಯ್‌ಗುಡುವಿಕೆ ಜಾಸ್ತಿ, ಅದಕ್ಕೆ ಅವರ ಪೆಡಲೂ ಸೇರಿ ಕಂಠಗಳ ಅಂಚು ಮಸುಕಾಗುತ್ತದೆ.

15, ಡಿ ಫ್ಲ್ಯಾಟ್ ಮೇಜರ್, ಇದಕ್ಕೆ ತದ್ವಿರುದ್ಧ. ವ್ಯಂಗ್ಯದ ವಾಲ್ಟ್ಜ್‌ನಂಥ ಪ್ರೆಲ್ಯೂಡ್ ಮುಗಿಯುತ್ತಲೇ, ಹನ್ನೆರಡು ಸ್ವರಸ್ಥಾನಗಳಲ್ಲಿ ಹನ್ನೊಂದನ್ನು ಬಳಸುವ ಎಳೆಯೊಂದು ಅತಿ ವೇಗದಲ್ಲಿ, ಸಾಲು ಸಾಲಿಗೆ ತಾಳ ಬದಲಿಸುತ್ತ ನುಗ್ಗುತ್ತದೆ. ಕಂಠ ನಾಲ್ಕು. ಕೆಡುವುದು ಎರಡು ಬಗೆಯಲ್ಲಿ: ಬೆರಳು ಸೋತರೆ ವೇಗ ತಗ್ಗಿ ಭಾರದ ಗಾಡಿಯಂತಾಗುತ್ತದೆ, ಬೆರಳು ಓಡಿದರೂ ಒತ್ತು ಎಲ್ಲ ಸ್ವರಕ್ಕೂ ಒಂದೇ ಸಮ ಬಿದ್ದರೆ ಬದಲಾಗುವ ತಾಳ ಕೇಳುವುದಿಲ್ಲ, ಬರಿ ಗದ್ದಲ ಉಳಿಯುತ್ತದೆ.

ರಿಕ್ಟರ್ ಅವರ 1963ರ ರೆಕಾರ್ಡಿಂಗ್ ಇಲ್ಲಿ ಇನ್ನೂ ಅಲುಗಾಡಿಲ್ಲ. ಅರವತ್ತು ವರ್ಷ ಹಳೆಯ ಟೇಪು, ನಾದ ಸ್ವಲ್ಪ ಗಡುಸು. ಆದರೆ ಪ್ರತಿ ಸಾಲಿನ ಮೊದಲ ಮಾತ್ರೆ ಎಲ್ಲಿ ಬಿತ್ತೆಂದು ಕಿವಿಗೆ ಖಚಿತ. ಮೆಲ್ನಿಕೋವ್ ಅದೇ ದಾರಿಯವರು, ಇನ್ನಷ್ಟು ರೊಚ್ಚು. ಆರಂಭದ ದಿನಗಳಲ್ಲೇ ರಿಕ್ಟರ್ ಒಡನಾಟ ಸಿಕ್ಕವರು ಅವರು, ಅದು ಕೇಳಿಸುತ್ತದೆ ಎಂದರೆ ತಪ್ಪಾಗದು. ಅಶ್ಕೆನಾಜಿ ಸಲೀಸು, ಕಷ್ಟದ ಜಾಗ ಬಂದುಹೋಗಿದ್ದೇ ತಿಳಿಯುವುದಿಲ್ಲ. ಈ ಫ್ಯೂಗ್ ಮಟ್ಟಿಗೆ ಅದೇ ಕೊರತೆ: ಉಸಿರು ಕಟ್ಟಬೇಕಾದಲ್ಲಿ ಕಟ್ಟುವುದಿಲ್ಲ. ಶೆರ್ಬಕೋವ್ ಚುರುಕು, ಸ್ಪಷ್ಟ. ಕಡಿಮೆ ಬೆಲೆಯ ಸೆಟ್ ಎಂದು ಕಡೆಗಣಿಸಿದವರು ಈ ಒಂದು ಟ್ರ್ಯಾಕ್ ಕೇಳಿ ನೋಡಲಿ. 1990ರಲ್ಲಿ ನಿಕೊಲಾಯೆವಾ ಅವರಿಗೆ 66. ಇಲ್ಲಿ ಅವರ ವೇಗ ಸಾಲದು, ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಅವರ ಕೈಯಲ್ಲೇ 15 ಬೇಕೆನ್ನುವವರು 1962ರದನ್ನು ಹುಡುಕಿಕೊಳ್ಳಲಿ.

ಇನ್ನು 16, ಬಿ ಫ್ಲ್ಯಾಟ್ ಮೈನರ್. ಆ ಅರ್ಧ ಗಂಟೆಯ ದೊಡ್ಡ ಪಾಲು ಇರುವುದು ಇಂಥ ನಿಧಾನದ ಫ್ಯೂಗ್‌ಗಳಲ್ಲಿ. ಎಳೆ ಉದ್ದ, ಮೆಲುದನಿ, ಅಲಂಕಾರದ ಮೇಲೆ ಅಲಂಕಾರ. ನಮ್ಮವರ ಕಿವಿಗೆ ಮೊದಲ ಸಲ ಆಲಾಪದಂತೆ ಕೇಳುವುದು ಸಹಜ, ಆದರೆ ಆಲಾಪವಲ್ಲ. ಪ್ರತಿ ಸಾಲಿನ ಮಾತ್ರೆ ಲೆಕ್ಕ ಬರೆದಿಟ್ಟಿದೆ, ಮಾತ್ರೆಯ ಒಳಗಿನ ಭಾಗ ಮಾತ್ರ ಮತ್ತೆ ಮತ್ತೆ ಬದಲಾಗುತ್ತದೆ. ವಾದಕರು ‘ಭಾವ’ ತುಂಬಲು ಹೋಗಿ ಆ ಲೆಕ್ಕ ಸಡಿಲ ಬಿಟ್ಟರೆ, ಎರಡನೆಯ ಕಂಠ ಸೇರಿದ ಕೂಡಲೇ ಎರಡೂ ಒಂದಕ್ಕೊಂದು ಹೊಂದದೆ ತೇಲಾಡುತ್ತವೆ. ಹೆಬ್ಬೆರಳಿನಿಂದ ಮೇಜಿನ ಮೇಲೆ ಮಾತ್ರೆ ತಟ್ಟುತ್ತ ಕೇಳಿ; ಮೂರನೆಯ ಕಂಠ ಬರುವವರೆಗೂ ತಟ್ಟುವುದು ತಪ್ಪದಿದ್ದರೆ ಆ ರೆಕಾರ್ಡಿಂಗ್ ಗಟ್ಟಿ.

15ರಲ್ಲಿ ಸೋತ ನಿಕೊಲಾಯೆವಾ ಇಲ್ಲಿ ಎಲ್ಲರಿಗಿಂತ ಮುಂದೆ. ಗತಿ ಎಷ್ಟು ನಿಧಾನವಾದರೂ ಮಾತ್ರೆ ಎಂದೂ ಕಳಚುವುದಿಲ್ಲ; 7ರಲ್ಲಿ ಕಾಡಿದ ಕೋಣೆಯ ಅನುರಣನವೇ ಇಲ್ಲಿ ಒಂದು ಸ್ವರವನ್ನು ಮುಂದಿನದರ ತನಕ ಹಿಡಿದಿಡುತ್ತದೆ. 1993ರ ನವೆಂಬರ್ 13ರಂದು ಸ್ಯಾನ್ ಫ್ರಾನ್ಸಿಸ್ಕೊ ಕಛೇರಿಯಲ್ಲಿ ಇದೇ ಫ್ಯೂಗ್ ನುಡಿಸುತ್ತಿದ್ದಾಗ ಅವರಿಗೆ ಮಿದುಳಿನ ರಕ್ತಸ್ರಾವವಾಯಿತು. ಒಂಬತ್ತು ದಿನದ ಮೇಲೆ ತೀರಿಕೊಂಡರು. ಮೆಲ್ನಿಕೋವ್ ಕೂಡ ತುಂಬ ಎಳೆಯುತ್ತಾರೆ, ದನಿ ಇನ್ನೂ ಕ್ಷೀಣ; ಬಸ್ಸಿನಲ್ಲಿ ಕೇಳುವ ಮಾತೇ ಇಲ್ಲ. ಅಶ್ಕೆನಾಜಿ ಬೇಗ ಮುಗಿಸಿ ಮುಂದಿನದಕ್ಕೆ ಹೊರಡುತ್ತಾರೆ. ಜ್ಯಾರೆಟ್ ಅವರ ಮಾತ್ರೆ ಕಲ್ಲಿನಂತೆ ಸ್ಥಿರ, ಆದರೆ ಅಲಂಕಾರದ ಸ್ವರಗಳಿಗೂ ಮುಖ್ಯ ಸ್ವರಗಳಿಗೂ ಒಂದೇ ತೂಕ.

24, ಡಿ ಮೈನರ್, ಜೋಡಿ ಎಳೆಗಳ ದೊಡ್ಡ ಫ್ಯೂಗ್. ಮೊದಲ ಎಳೆ ನಿಧಾನ, ದೀರ್ಘ ಸ್ವರಗಳದ್ದು. ಪ್ರೆಲ್ಯೂಡ್‌ನಲ್ಲೇ ಒಮ್ಮೆ ಇಣುಕಿ ಹೋಗಿರುತ್ತದೆ. ಅದು ಬೆಳೆದು, ತಗ್ಗಿ, ಬಹುತೇಕ ಮೌನವಾದ ಮೇಲೆ ಸಣ್ಣ ಸ್ವರಗಳ ಎರಡನೆಯ ಎಳೆ ಮೆಲ್ಲಗೆ ಶುರು. ಅಲ್ಲಿಂದ ವೇಗವೂ ದನಿಯೂ ಸ್ವಲ್ಪ ಸ್ವಲ್ಪವಾಗಿ ಏರುತ್ತ, ಎರಡು ಎಳೆಗಳೂ ಒಟ್ಟಿಗೆ ಸೇರಿ, ಡಿ ಮೇಜರ್‌ನಲ್ಲಿ ಪೂರ್ಣ ಬಲದಿಂದ ಮುಗಿಯಬೇಕು. ಎಡವುವ ಜಾಗ ಒಂದೇ: ಎರಡನೆಯ ಎಳೆ ಬಂದ ಕೂಡಲೇ ಓಟ ಕಿತ್ತರೆ ಕೊನೆಗೆ ಕೈಯಲ್ಲಿ ಏನೂ ಉಳಿದಿರುವುದಿಲ್ಲ, ಎರಡೂ ಎಳೆ ಸೇರುವ ಹೊತ್ತಿಗೆ ವಾದಕರು ಆಗಲೇ ಗರಿಷ್ಠ ದನಿಯಲ್ಲಿರುತ್ತಾರೆ, ಮಿಕ್ಕಿದ್ದು ಬರಿ ಬಡಿತ.

ನಿಕೊಲಾಯೆವಾ ಮತ್ತು ಮೆಲ್ನಿಕೋವ್ ಇಬ್ಬರೂ ಈ ಏರಿಕೆಯನ್ನು ಕೊನೆತನಕ ಉಳಿಸಿಕೊಳ್ಳುತ್ತಾರೆ, ದಾರಿ ಬೇರೆ ಬೇರೆ. ನಿಕೊಲಾಯೆವಾ ಗತಿಯನ್ನು ಬಿಗಿಯಾಗಿ ಹಿಡಿದು ದನಿ ಬೆಳೆಸುತ್ತಾರೆ. ಮೆಲ್ನಿಕೋವ್ ಎರಡನೆಯ ಎಳೆಯನ್ನು ಕೇಳೀತೋ ಇಲ್ಲವೋ ಎಂಬಷ್ಟು ಸಣ್ಣದಾಗಿ ಶುರುಮಾಡಿ ಏರಲು ಜಾಗ ಮಾಡಿಕೊಳ್ಳುತ್ತಾರೆ. ಜ್ಯಾರೆಟ್ ಇಲ್ಲಿ ಹಿಂದೆ: ಕಂಠಗಳೆಲ್ಲ ಸ್ಪಷ್ಟ, ಕೊನೆಯ ಪುಟಕ್ಕೆ ಬೇಕಾದ ಕೆಳಸ್ಥಾಯಿಯ ತೂಕ ಇಲ್ಲ.

ಸ್ವತಃ ಶೋಸ್ತಕೋವಿಚ್? ಅವರ ಇಎಂಐ ಡಿಸ್ಕಿನಲ್ಲಿ 1, 4, 5, 23, 24 ಇವೆ, ಎರಡು ಪಿಯಾನೊ ಕನ್ಸರ್ಟೊಗಳ (ವಾದ್ಯವೃಂದದೊಡನೆ ನುಡಿಸುವ ಕೃತಿಗಳ) ಜೊತೆಗೆ. ಆ ಹೊತ್ತಿಗೆ ಬಲಗೈ ತೊಂದರೆ ಕೊಡತೊಡಗಿತ್ತು. ಸ್ವರಗಳು ತಪ್ಪುತ್ತವೆ, ಕೆಲವೆಡೆ ಕೈ ಮುಗ್ಗರಿಸುತ್ತದೆ. ಆದರೆ ಗತಿ ಮುಂದಕ್ಕೆ ತಳ್ಳುತ್ತಲೇ ಇರುತ್ತದೆ, ಯಾವುದೋ ಆತಂಕ ಬೆನ್ನಟ್ಟಿದ ಹಾಗೆ. 1ನೆಯ ಪ್ರೆಲ್ಯೂಡ್‌ಗೆ ಬರಹದಲ್ಲಿ ಕೊಟ್ಟಿರುವ ಗತಿ ನಿಮಿಷಕ್ಕೆ 92 ಮಾತ್ರೆ. ಫೋನಿನ ಮೆಟ್ರೊನೋಮಿನಲ್ಲಿ 92 ಇಟ್ಟು ನಿಕೊಲಾಯೆವಾ ಅವರದನ್ನು ಹಾಕಿದರೆ ಅವರು ಎರಡೇ ಸಾಲಿನಲ್ಲಿ ಹಿಂದೆ ಬೀಳುತ್ತಾರೆ. ಈ ಕೃತಿ ಹುಟ್ಟಿದ್ದೇ 1950ರ ಲೈಪ್‌ಜಿಗ್ ಬಾಖ್ ಸ್ಪರ್ಧೆಯಲ್ಲಿ ಶೋಸ್ತಕೋವಿಚ್ ನಿಕೊಲಾಯೆವಾ ಅವರ ವಾದನ ಕೇಳಿದ ಪ್ರೇರಣೆಯಿಂದ. ಆ ಅಕ್ಟೋಬರ್‌ನಿಂದ ಮುಂದಿನ ಫೆಬ್ರವರಿವರೆಗೆ ಬರೆಯುತ್ತಿದ್ದಾಗ ಒಂದೊಂದನ್ನೂ ಮೊದಲು ಕೇಳಿದವರು ಅವರೇ. 1952ರ ಡಿಸೆಂಬರ್ 23 ಮತ್ತು 28ರಂದು ಲೆನಿನ್‌ಗ್ರಾಡಿನಲ್ಲಿ ಪೂರ್ತಿಯಾಗಿ ಮೊದಲು ನುಡಿಸಿದವರೂ ಅವರೇ. ಹಾಗಾಗಿ ‘ಅಧಿಕೃತ ಗತಿ ಯಾವುದು’ ಎಂಬ ವಾದ ಬಗೆಹರಿಯುವಂಥದ್ದಲ್ಲ. ಕಾಗದದ ಮೇಲಿನ ಅಂಕಿ ಒಂದು ಕಡೆ, ಆ ಅಂಕಿ ಬರೆದವರ ಪಕ್ಕದಲ್ಲೇ ಕೂತು ಕಲಿತವರು ಇನ್ನೊಂದು ಕಡೆ.

ಉಳಿದವುಗಳ ಬಗ್ಗೆ ಚುಟುಕಾಗಿ. 12 ಮತ್ತು 17ರ ಫ್ಯೂಗ್‌ಗಳು ಐದು ಮಾತ್ರೆಯವು. ಖಂಡ ಚಾಪು ಹಾಕಿ ರೂಢಿಯಿದ್ದವರು ಬೆರಳೆಣಿಸದೆ ಹಿಂಬಾಲಿಸಬಹುದು. ಎರಡೂ ರಿಕ್ಟರ್ ಅವರ ಆರರಲ್ಲಿವೆ (ಮಿಕ್ಕವು 4, 14, 15, 23), ಅವರದನ್ನು ಬಿಟ್ಟು ಬೇರೆಡೆ ಹೋಗಬೇಕಿಲ್ಲ. 9ರದು ಎರಡೇ ಕಂಠದ ಫ್ಯೂಗ್, ಇಡೀ ಸಂಗ್ರಹದಲ್ಲಿ ಇದೊಂದೇ ಹಾಗೆ. ಇಲ್ಲಿ ಯಾರೂ ಕೆಡುವುದಿಲ್ಲ. 1ರ ಫ್ಯೂಗ್ ಪೂರ್ತಿ ಪಿಯಾನೊದ ಬಿಳಿ ಮನೆಗಳ (ಕೀಲಿಗಳ) ಮೇಲೆ. ಲೆವಿಟ್ ಅವರ ಮೆಲುದನಿಗೆ ಇದಕ್ಕಿಂತ ಹೊಂದುವ ಜಾಗ ಇಲ್ಲ. ಅವರ ಸೆಟ್‌ನಲ್ಲಿ ಮೂರನೆಯ ಡಿಸ್ಕ್ ಪೂರ್ತಿ ರೊನಾಲ್ಡ್ ಸ್ಟೀವನ್ಸನ್ ಅವರ ಪ್ಯಾಸಕಾಲ್ಯ ಎಂಬ ಬೇರೆ ಕೃತಿ, ಓಪಸ್ 87 ಅಲ್ಲ. ಬೆಲೆ ನೋಡುವಾಗ ಇದು ನೆನಪಿರಲಿ.

ಒಂದೇ ಸೆಟ್ ಕೊಳ್ಳುವುದಾದರೆ ಮೆಲ್ನಿಕೋವ್: ನಾಲ್ಕು ಪರೀಕ್ಷೆಯಲ್ಲಿ ಯಾವುದರಲ್ಲೂ ಮುಗ್ಗರಿಸದವರು ಅವರೊಬ್ಬರೇ. ಎರಡಾದರೆ ಜೊತೆಗೆ ನಿಕೊಲಾಯೆವಾ ಹೈಪೀರಿಯನ್, 16 ಮತ್ತು 24ಕ್ಕಾಗಿ. ದುಡ್ಡು ಕಡಿಮೆಯಿದ್ದರೆ ಶೆರ್ಬಕೋವ್ ಸೆಟ್, ಮೇಲೆ ರಿಕ್ಟರ್ ಅವರ ಆರು. ಕೆಲಸ ಮಾಡುತ್ತ ಹಿನ್ನೆಲೆಯಲ್ಲಿ ಕೇಳಲು ಜ್ಯಾರೆಟ್. ದನಿಯ ಏರಿಳಿತ ಕಡಿಮೆ, ವಾಲ್ಯೂಮ್ ಮುಟ್ಟಬೇಕಾಗುವುದಿಲ್ಲ. ಮತ್ತೆ, ಇಪ್ಪತ್ತನಾಲ್ಕನ್ನೂ ಒಂದೇ ಕೂತಿನಲ್ಲಿ ಕೇಳಬೇಡಿ. ಮೊದಲ ಪ್ರದರ್ಶನದಂತೆ ಎರಡು ಸಂಜೆಗೆ ಹಂಚಿಕೊಳ್ಳಿ: 12ನೆಯದಕ್ಕೆ ನಿಲ್ಲಿಸಿ, ಉಳಿದದ್ದು ಇನ್ನೊಂದು ದಿನ.