ಕೋಲಾರದ ಒಂದು ಪುಟ್ಟ ಯೋಗ ಕೇಂದ್ರದಲ್ಲಿ ಮೂರು ತಿಂಗಳು
ಯೋಗಗುರು ಬಿ.ಕೆ.ಎಸ್. ಅಯ್ಯಂಗಾರರು 1918ರಲ್ಲಿ ಹುಟ್ಟಿದ್ದು ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ; ಹಗ್ಗ, ಪಟ್ಟಿ, ಮರದ ಇಟ್ಟಿಗೆ, ಕುರ್ಚಿಗಳ ಆಸರೆಯಿಂದ ಆಸನ ಮಾಡಿಸುವ ಅವರ ಕ್ರಮವನ್ನೇ ನಮ್ಮ ಬಡಾವಣೆಯ ಈ ಕೇಂದ್ರವೂ ಅನುಸರಿಸುತ್ತದೆ. ಸೊಂಟನೋವಿನಿಂದ ಬಗ್ಗಲಾಗದಿದ್ದ ನನಗೆ ಶಿಕ್ಷಕಿಯವರು ಮೊದಲ ವಾರ, ನಿಂತು ಮುಂದಕ್ಕೆ ಬಗ್ಗುವ ಉತ್ತಾನಾಸನವನ್ನು ಪೂರ್ತಿ ಮಾಡಿಸದೆ, ಅಂಗೈಗಳನ್ನು ಕುರ್ಚಿಯ ಮೇಲೂರಿ ಬೆನ್ನನ್ನು ನೀಳವಾಗಿಸುವುದನ್ನಷ್ಟೇ ಕಲಿಸಿದರು. ನೆಲ ಮುಟ್ಟುವುದಕ್ಕಿಂತ ಬೆನ್ನು ಗೂನಾಗದಿರುವುದು ಮುಖ್ಯವೆಂದು ಪ್ರತಿದಿನವೂ ತಾಳ್ಮೆಯಿಂದ ನೆನಪಿಸುತ್ತಿದ್ದರು.

ಕೇಂದ್ರದಲ್ಲಿ ಶನಿವಾರ ನಡೆಯುವ ಅಭ್ಯಂಗಕ್ಕೆ, ಅಂದರೆ ಮೈಗೆ ಎಣ್ಣೆ ಹಚ್ಚಿ ನೀವುವುದಕ್ಕೆ, ಬಳಸುವುದು ಬೆಚ್ಚಗಿನ ಎಳ್ಳೆಣ್ಣೆ. ಕೈಕಾಲುಗಳ ಉದ್ದಕ್ಕೆ ನೇರವಾಗಿ, ಕೀಲುಗಳ ಮೇಲೆ ಸುತ್ತುಸುತ್ತಾಗಿ ನೀವುವ ಸಾಂಪ್ರದಾಯಿಕ ಕ್ರಮವನ್ನು ಪಾಲಿಸುತ್ತಾರೆ. ಜ್ವರ ಅಥವಾ ಅಜೀರ್ಣವಿದ್ದವರನ್ನು ಆ ದಿನ ಹಿಂದಕ್ಕೆ ಕಳುಹಿಸುತ್ತಾರೆ. ದೀಪಾವಳಿಯ ಎಣ್ಣೆಸ್ನಾನದಲ್ಲಿ ಅಜ್ಜಿ ನೆತ್ತಿಗೆ ತಟ್ಟುತ್ತಿದ್ದ ರಭಸ ಇಲ್ಲಿಲ್ಲವೆಂಬುದೇ ಒಂದು ಸಮಾಧಾನ.

ಆದರೆ ಇರುವುದು ಒಂದೇ ಬಚ್ಚಲು. ಕಡಲೆಹಿಟ್ಟು ಹಚ್ಚಿ ಎಣ್ಣೆಯ ಜಿಡ್ಡು ತೆಗೆಯುವಷ್ಟರಲ್ಲಿ ಬಿಸಿನೀರು ಮುಗಿದು, ಎರಡು ಬಾರಿ ನಾನು ತಣ್ಣೀರಿನಲ್ಲೇ ಸ್ನಾನ ಪೂರೈಸಬೇಕಾಯಿತು. ಯೋಗದ ಶುಲ್ಕ ಮಿತವಾಗಿದ್ದರೂ ಅಭ್ಯಂಗದ್ದು ದುಬಾರಿಯೆನಿಸಿದ್ದರಿಂದ, ಅದಕ್ಕೆ ತಿಂಗಳಿಗೊಮ್ಮೆಯಷ್ಟೇ ಹೋಗುತ್ತಿದ್ದೇನೆ. ಬೆಳಗಿನ ಯೋಗ ತರಗತಿಯನ್ನು ಮಾತ್ರ ತಪ್ಪಿಸಿಲ್ಲ.