ಕಂಪ್ಯೂಟರ್ ಸೆಂಟರ್‌ನ ಹಳೇ ಕಡತಗಳು: ದೂರಿನ ಚೀಟಿ ನೋಡಿ, ವಾರ್ಷಿಕ ವರದಿ ಬಿಡಿ

ಇದು ಒಂದು ವಿಶ್ವವಿದ್ಯಾಲಯದ ಆರ್ಕೈವ್ಸ್‌ನಲ್ಲಿರುವ (ಹಳೇ ದಾಖಲೆಗಳನ್ನು ಕಾಯ್ದಿಡುವ ಜಾಗ) ಐಟಿ ವಿಭಾಗದ ದಾಖಲೆಗಳ ವಿಮರ್ಶೆ. ಹೆಸರು ಹಾಕುತ್ತಿಲ್ಲ. ನನ್ನ ತಕರಾರುಗಳಲ್ಲಿ ಕೆಲವು ಖಾರವಾಗಿಯೇ ಇವೆ, ಅಲ್ಲಿನ ಸಿಬ್ಬಂದಿಯೋ ಪಾಪ ಒಳ್ಳೆಯವರು. ನಾನು ಬಹಳ ವರ್ಷ ಹೆಲ್ಪ್ ಡೆಸ್ಕ್‌ನಲ್ಲಿ ಫೋನ್ ಎತ್ತಿದವಳು. ಹಾಗಾಗಿ ಇತಿಹಾಸದ ಪ್ರೊಫೆಸರ್ ಹುಡುಕುವುದೇ ಬೇರೆ, ನಾನು ಹುಡುಕಿದ್ದೇ ಬೇರೆ.

ಮೊದಲು ಒಂದು ಎಚ್ಚರಿಕೆ. ಕ್ಯಾಟಲಾಗ್‌ನಲ್ಲಿ ‘ಐಟಿ’ ಅಂತ ಹುಡುಕಿದರೆ ಅರ್ಧಕ್ಕರ್ಧ ಸಿಗುವುದಿಲ್ಲ. ಈ ವಿಭಾಗ ಹುಟ್ಟಿದ್ದು ‘ಕಂಪ್ಯೂಟರ್ ಸೆಂಟರ್’ ಅಂತ. ಸಂಬಳ, ಫೀಸು, ಪರೀಕ್ಷೆಯ ಲೆಕ್ಕ ನೋಡುತ್ತಿದ್ದ ‘ಡೇಟಾ ಪ್ರೊಸೆಸಿಂಗ್’ ಬೇರೆಯೇ ಕಚೇರಿ. ಆಮೇಲೆ ಎರಡನ್ನೂ ಸೇರಿಸಿದರು, ಹೆಸರು ಬದಲಾಯಿಸಿದರು. ಆರ್ಕೈವ್ಸ್‌ನವರು ಯಾವ ಕಚೇರಿಯಿಂದ ಬಂತೋ ಅದೇ ಹೆಸರಿನಲ್ಲಿ, ಬಂದ ಕ್ರಮದಲ್ಲೇ ಇಟ್ಟಿರುತ್ತಾರೆ. ಅದು ಸರಿಯಾದ ಪದ್ಧತಿಯೇ, ಆದರೆ ಹಳೇ ಹೆಸರುಗಳ ಪಟ್ಟಿಯನ್ನು ಕ್ಯಾಟಲಾಗ್‌ನ ಮೊದಲ ಪುಟದಲ್ಲೇ ಕೊಡಬಹುದಿತ್ತು ಅಲ್ವಾ? ಅದು ನನಗೆ ಸಿಕ್ಕಿದ್ದು ಒಂದು ಅನುಬಂಧದ ಕೊನೆಯಲ್ಲಿ.

ವಾಚನ ಕೊಠಡಿಯ ನಿಯಮಗಳು ಎಲ್ಲಾ ಕಡೆ ಇರುವಂಥವೇ. ಪೆನ್ ಇಲ್ಲ, ಪೆನ್ಸಿಲ್ ಮಾತ್ರ. ಒಂದು ಸಲಕ್ಕೆ ಒಂದು ಪೆಟ್ಟಿಗೆ, ಅದರಲ್ಲೂ ಒಂದೇ ಫೋಲ್ಡರ್. ಫ್ಲ್ಯಾಶ್ ಹಾಕದೆ ಫೋಟೋ ತೆಗೆಯಬಹುದು. ಪೆಟ್ಟಿಗೆಗಳು ದೂರದ ಗೋದಾಮಿನಿಂದ ಬರಬೇಕು, ಮುಂಚೆಯೇ ಹೇಳಿ.

ಈಗ ಪೆಟ್ಟಿಗೆಯೊಳಗಿನ ಮಾತು. ವಾರ್ಷಿಕ ವರದಿಗಳನ್ನು ಸುಮ್ನೆ ಬಿಟ್ಟುಬಿಡಿ. ಹೊಸ ಯಂತ್ರ ಬಂತು, ಬಳಕೆ ಜಾಸ್ತಿಯಾಯಿತು, ಜಾಗ ಸಾಲದು, ಹಣ ಕೊಡಿ. ಯಾವ ವರ್ಷದ್ದು ತೆಗೆದರೂ ಇಷ್ಟೇ. ಯಂತ್ರದ ಹೆಸರು ಮಾತ್ರ ಬದಲಾಗುತ್ತದೆ.

ಪಂಚ್ ಕಾರ್ಡ್‌ಗಳ ಪೆಟ್ಟಿಗೆ ಕೇಳಿ. ಕಂಪ್ಯೂಟರ್ ಓದಲಿ ಅಂತ ತೂತು ಹೊಡೆದ ದಪ್ಪ ಕಾಗದದ ಕಾರ್ಡುಗಳು ಇವು. ಒಂದು ಕಾರ್ಡಿಗೆ 80 ಕಾಲಮ್, ಅಂದರೆ ಪ್ರೋಗ್ರಾಮಿನ ಒಂದು ಸಾಲು. ನಾನು ನೋಡಿದ್ದು ಫೋರ್ಟ್ರಾನ್ ಅನ್ನುವ ಹಳೇ ಪ್ರೋಗ್ರಾಮಿಂಗ್ ಭಾಷೆಯ ಒಂದು ದಪ್ಪ ಕಟ್ಟು. ರಬ್ಬರ್ ಬ್ಯಾಂಡ್ ಕರಗಿ ಅಂಟುತ್ತದೆ ಅಂತ ತೆಗೆದು, ಕಾಗದದ ಪಟ್ಟಿ ಸುತ್ತಿಟ್ಟಿದ್ದಾರೆ. ಕಟ್ಟಿನ ಮೇಲಂಚಿನಲ್ಲಿ ಓರೆಯಾಗಿ ಒಂದು ಮಾರ್ಕರ್ ಗೆರೆ. ಕಟ್ಟು ಕೈಜಾರಿ ಬಿದ್ದರೆ ಆ ಗೆರೆ ನೋಡಿಕೊಂಡು ಮತ್ತೆ ಜೋಡಿಸಬಹುದು. ಆದರೆ ನಡುನಡುವೆ ಗೆರೆಯೇ ಇಲ್ಲದ ಕಾರ್ಡುಗಳೂ ಇದ್ದವು. ಆಮೇಲೆ ತಿದ್ದಿ ಸೇರಿಸಿದ ಸಾಲುಗಳಿರಬೇಕು. ಪ್ರೋಗ್ರಾಮಿನ ಒಂದಕ್ಷರ ಓದದೆಯೇ ಅದು ಎಲ್ಲಿ ಕಾಟ ಕೊಟ್ಟಿತ್ತು ಅಂತ ಊಹಿಸಬಹುದು. ಸ್ಕ್ಯಾನ್ ಮಾಡಿದ ಪ್ರತಿಯಲ್ಲಿ ಇದು ಕಾಣುವುದೇ ಇಲ್ಲ, ಕಟ್ಟನ್ನೇ ಪಕ್ಕದಿಂದ ನೋಡಬೇಕು.

ಡೇಟಾ ಪ್ರೊಸೆಸಿಂಗ್ ಕಚೇರಿಯ ಕಾರ್ಡುಗಳಲ್ಲಿ ಇನ್ನೊಂದು ಗುರುತಿದೆ. ಒಬ್ಬರು ಪಂಚ್ ಮಾಡಿದ್ದನ್ನು ಇನ್ನೊಬ್ಬರು ವೆರಿಫೈಯರ್ ಯಂತ್ರದಲ್ಲಿ ಮತ್ತೆ ಟೈಪ್ ಮಾಡುತ್ತಿದ್ದರು. ಎರಡೂ ತಾಳೆಯಾದರೆ ಕಾರ್ಡಿನ ಬಲ ಅಂಚಿಗೆ ಸಣ್ಣ ಕಚ್ಚು ಬೀಳುತ್ತದೆ. ತಾಳೆಯಾಗದಿದ್ದರೆ ತಪ್ಪಿದ ಕಾಲಮ್‌ನ ನೆತ್ತಿಗೇ ಕಚ್ಚು. ಆ ಕಾಲದಲ್ಲಿ ಈ ಕೆಲಸ ಮಾಡುತ್ತಿದ್ದವರು ಹೆಚ್ಚಿನಂಶ ಹೆಂಗಸರು. ವಾರ್ಷಿಕ ವರದಿಯಲ್ಲಿ ಅವರ ಹೆಸರಿಲ್ಲ, ಫೋಟೋ ಇಲ್ಲ. ಕೆಲಸದ ಚೀಟಿಗಳ ಮೂಲೆಯಲ್ಲಿ ಎರಡಕ್ಷರದ ಸಹಿ ಇದೆ, ಅಷ್ಟೇ. ಈ ಸಹಿ ಯಾರದ್ದು ಅಂತ ತಿಳಿಯಲು ಸಿಬ್ಬಂದಿ ಕಡತ ಬೇಕು, ಅದನ್ನು ಸದ್ಯಕ್ಕೆ ತೆರೆಯುವ ಹಾಗಿಲ್ಲ. ನಿಯಮ ಅರ್ಥವಾಗುತ್ತದೆ, ಬೇಜಾರೂ ಆಗುತ್ತದೆ.

ನನಗೆ ಹಬ್ಬ ಆಗಿದ್ದು ದೂರಿನ ಚೀಟಿಗಳಲ್ಲಿ. ಕಾರ್ಡಿನ ಕಟ್ಟನ್ನು ಸೆಂಟರ್‌ಗೆ ಕೊಟ್ಟು ಉತ್ತರಕ್ಕೆ ಕಾಯುತ್ತಿದ್ದ ಕಾಲದ ದೂರೆಂದರೆ ‘ಬೆಳಿಗ್ಗೆ ಕೊಟ್ಟ ಕೆಲಸ ಸಂಜೆಯಾದರೂ ಬಂದಿಲ್ಲ’. ಒಂದು ಕಾಮಾ ತಪ್ಪಿದರೆ ಮತ್ತೆ ಸಾಲಿನಲ್ಲಿ ನಿಲ್ಲಬೇಕು. ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ 1964ರಲ್ಲೇ ಟೈಮ್ ಶೇರಿಂಗ್, ಅಂದರೆ ಒಂದೇ ಕಂಪ್ಯೂಟರನ್ನು ಹಲವರು ಒಟ್ಟಿಗೆ ಬಳಸುವುದು, ಶುರುವಾಗಿತ್ತು, ಆ ಕಂಪ್ಯೂಟರಿಗೆ ಜೋಡಿಸಿದ ಟರ್ಮಿನಲ್ ಮುಂದೆ ಕೂತು ಬೇಸಿಕ್ ಭಾಷೆಯಲ್ಲಿ ಬರೆದರೆ ಅಲ್ಲೇ ಉತ್ತರ. ಈ ಸೆಂಟರ್‌ಗೆ ಅದು ತಡವಾಗಿ ಬಂತು. ಯಾವಾಗ ಅಂತ ವರದಿ ನೋಡಬೇಕಿಲ್ಲ, ಚೀಟಿಗಳೇ ಹೇಳುತ್ತವೆ. ಇದ್ದಕ್ಕಿದ್ದಂತೆ ದೂರು ‘ಟರ್ಮಿನಲ್ ಖಾಲಿ ಇಲ್ಲ’, ‘ಒಬ್ಬರೇ ಗಂಟೆಗಟ್ಟಲೆ ಕೂತಿದ್ದಾರೆ’ ಅಂತ ಆಗುತ್ತದೆ. ಮುಂದೆ ‘ಪಾಸ್‌ವರ್ಡ್ ಮರೆತೆ’ ಶುರು. ಅದು ಮುಗಿಯುವುದೇ ಇಲ್ಲ, ನಾನೇ ಸಾಕ್ಷಿ.

ಇನ್ನೊಂದು ತಪ್ಪಿಸಬಾರದ ಪೆಟ್ಟಿಗೆ ವೈ2ಕೆ. ವರ್ಷವನ್ನು ಎರಡೇ ಅಂಕಿಯಲ್ಲಿ ಬರೆದಿಟ್ಟ ಪ್ರೋಗ್ರಾಮುಗಳು 2000ವನ್ನು 1900 ಅಂತ ತಿಳಿಯುತ್ತವೆ ಅನ್ನುವ ಭಯ ಇತ್ತಲ್ಲ, ಅದಕ್ಕಾಗಿ ಪ್ರತಿ ವಿಭಾಗಕ್ಕೂ ಹೋಗಿ ಇರುವ ಯಂತ್ರ, ಸಾಫ್ಟ್‌ವೇರ್ ಎಲ್ಲವನ್ನೂ ಪಟ್ಟಿ ಮಾಡಿದ್ದಾರೆ. ಮೂಲೆಯ ಲ್ಯಾಬಿನಲ್ಲಿ ಧೂಳು ಹಿಡಿದಿದ್ದ ಪಿಸಿಯೂ ಬಿಟ್ಟಿಲ್ಲ. ಅದಕ್ಕೆ ಮುಂಚೆಯಾಗಲಿ ಆಮೇಲಾಗಲಿ ಇಷ್ಟು ಪೂರ್ತಿ ಲೆಕ್ಕ ಇಲ್ಲಿ ಇನ್ನೊಂದಿಲ್ಲ. ರಾತ್ರಿ ಪಾಳಿಯ ಪಟ್ಟಿಯೂ ಇದೆ: 1999ರ ಡಿಸೆಂಬರ್ 31ಕ್ಕೆ ಒಂದು, 2000ದ ಫೆಬ್ರವರಿ 29ಕ್ಕೆ ಇನ್ನೊಂದು. 100ರಿಂದ ಭಾಗವಾಗುವ ವರ್ಷ ಅಧಿಕ ವರ್ಷ ಅಲ್ಲ, ಆದರೆ 400ರಿಂದ ಭಾಗವಾದರೆ ಹೌದು. ಅರ್ಧ ನಿಯಮ ಕಲಿತ ಪ್ರೋಗ್ರಾಮರ್‌ಗಳ ಮೇಲಿನ ಅನುಮಾನಕ್ಕೆ ಎರಡನೇ ಪಾಳಿ!

ಅಲ್ಲಿಂದ ಮುಂದೆ ಪೆಟ್ಟಿಗೆಗಳು ತೆಳುವಾಗುತ್ತಾ ಹೋಗುತ್ತವೆ. ನನ್ನ ದೊಡ್ಡ ದೂರು ಇಲ್ಲೇ. ಪತ್ರಗಳು ಇಮೇಲ್ ಆದವು, ಇಮೇಲ್ ಸರ್ವರ್ ಬದಲಾದಾಗ ಹಳೆಯವು ಹೋದವು. ದೂರಿನ ಚೀಟಿ ಕಂಪ್ಯೂಟರಿನಲ್ಲೇ ದಾಖಲಾಗುವ ಟಿಕೆಟ್ ಆಯಿತು, ಹೊಸ ಟಿಕೆಟ್ ವ್ಯವಸ್ಥೆ ಬಂದಾಗ ಹಳೇ ಡೇಟಾಬೇಸ್ ಅಳಿಸಿದರು. ಇಡೀ ವಿಶ್ವವಿದ್ಯಾಲಯಕ್ಕೆ ಬ್ಯಾಕಪ್ ತಗೊಳ್ಳಿ ಅಂತ ಪಾಠ ಹೇಳುವ ವಿಭಾಗ ಇದು! ಬ್ಯಾಕಪ್ ಬೇರೆ, ಆರ್ಕೈವ್ ಬೇರೆ ಅಂತ ಅವರಿಗೆ ಯಾರೂ ಹೇಳಲಿಲ್ಲವೋ ಏನೋ. ಬ್ಯಾಕಪ್ ಇರುವುದು ನಿನ್ನೆ ಕಳೆದದ್ದನ್ನು ಇಂದು ತರಲು. ಅವಧಿ ಮುಗಿದ ಮೇಲೆ ಅದೇ ಟೇಪಿನ ಮೇಲೆ ಬೇರೆ ಬರೆಯುತ್ತಾರೆ. ವಿಭಾಗದ ಹಳೇ ವೆಬ್ ಪುಟಗಳು ನನಗೆ ಕೊನೆಗೆ ಸಿಕ್ಕಿದ್ದು ಹಳೇ ವೆಬ್ ಪುಟಗಳನ್ನು ಉಳಿಸಿಡುವ ಇಂಟರ್ನೆಟ್ ಆರ್ಕೈವ್ ತಾಣದಲ್ಲಿ, ಅವರ ಸ್ವಂತ ಮನೆಯಲ್ಲಲ್ಲ.

ಫ್ಲಾಪಿಗಳ ವಿಷಯದಲ್ಲಿ ಮಾತ್ರ ಮೆಚ್ಚಬೇಕು. ಐದೂಕಾಲು ಇಂಚಿನವನ್ನು ರೈಟ್ ಬ್ಲಾಕರ್ (ಮೂಲದ ಮೇಲೆ ಏನೂ ಬರೆಯದಂತೆ ತಡೆಯುವ ಸಾಧನ) ಹಾಕಿ ನಕಲು ಮಾಡಿ, ಚೆಕ್‌ಸಮ್ (ನಕಲು ಬದಲಾಗಿಲ್ಲ ಅಂತ ಪರೀಕ್ಷಿಸುವ ಸಂಖ್ಯೆ) ಸಮೇತ ಇಟ್ಟಿದ್ದಾರೆ. ಕೇಳಿದರೆ ಕೊಠಡಿಯ ಕಂಪ್ಯೂಟರಿನಲ್ಲಿ ತೋರಿಸುತ್ತಾರೆ. ಮಾಸಿ ಹೋಗುವ ಫ್ಯಾಕ್ಸ್ ಕಾಗದಗಳಿಗೂ ಜೆರಾಕ್ಸ್ ಜೋಡಿಸಿದ್ದಾರೆ. ಡೇಟಾ ಇಡುತ್ತಿದ್ದ ಹಳೇ 9 ಟ್ರ್ಯಾಕ್ ಮ್ಯಾಗ್ನೆಟಿಕ್ ಟೇಪ್ ಸುರುಳಿಗಳು ಕ್ಯಾಟಲಾಗ್‌ನಲ್ಲಿವೆ, ಆದರೆ ಓದುವ ಡ್ರೈವ್ ಅಲ್ಲಿಲ್ಲ. ಅವುಗಳಿಗಾಗಿಯೇ ಪ್ರಯಾಣ ಮಾಡುವುದಿದ್ದರೆ ಮೊದಲು ಪತ್ರ ಬರೆದು ಕೇಳಿ. ನೆಟ್‌ವರ್ಕ್ ನಕ್ಷೆಗಳನ್ನು ಭದ್ರತೆಯ ಕಾರಣಕ್ಕೆ ಕೊಡುವುದಿಲ್ಲ, ಎಷ್ಟೇ ಹಳೆಯದಿರಲಿ.

ಐದಕ್ಕೆ ನಾಲ್ಕು ಕೊಡುತ್ತೇನೆ, 2000ಕ್ಕೆ ಮುಂಚಿನದಕ್ಕೆ. ಆಮೇಲಿನದಕ್ಕೆ ಎರಡು, ಅದೂ ಸಿಬ್ಬಂದಿಯ ಮುಖ ನೋಡಿ.