ಕಣ್ಣಿನ ಚುಚ್ಚುಮದ್ದಿನ ಅಪಾಯ ಹೇಳಿದರು, ತಡವಾದರೆ ಆಗುವ ಅಪಾಯ ಹೇಳಲಿಲ್ಲ

ವಯಸ್ಸಾದವರನ್ನು ಕಾಡುವ ಮ್ಯಾಕ್ಯುಲಾ ಸವೆತಕ್ಕೆ ಚಿಕಿತ್ಸೆ ಹುಡುಕುತ್ತಿರುವವರು, ಅದರಲ್ಲೂ ‘ಸೂಜಿಯಿಲ್ಲದೆ ಗುಣಪಡಿಸುತ್ತೇವೆ’ ಎಂಬ ಮಾತಿನತ್ತ ಮನಸ್ಸು ವಾಲುತ್ತಿರುವವರು, ನಿರ್ಧಾರಕ್ಕೆ ಬರುವ ಮೊದಲು ಇದನ್ನು ಓದಬೇಕೆಂದು ಕೇಳಿಕೊಳ್ಳುತ್ತೇನೆ. ನನ್ನ ದೊಡ್ಡಮ್ಮನ ಎಡಗಣ್ಣಿನ ನಡುದೃಷ್ಟಿ ಹೊರಟುಹೋಗಿದೆ, ಅದು ಇನ್ನು ಮರಳುವುದಿಲ್ಲ. ಕಾಯಿಲೆ ಪತ್ತೆಯಾದಾಗ ಆ ಕಣ್ಣಿನಿಂದ ಪತ್ರಿಕೆಯ ತಲೆಬರಹ ಓದುತ್ತಿದ್ದರು. ಈಗ ಎದುರು ಕುಳಿತವರ ಕಿವಿ, ಹೆಗಲು ಕಾಣುತ್ತವೆ, ಮುಖ ಕಾಣುವುದಿಲ್ಲ.

ಮೊದಲು ಕಾಯಿಲೆಯ ವಿಷಯ. ಕಣ್ಣಿನ ಹಿಂಭಾಗದ ಅಕ್ಷಿಪಟಲದ ನಟ್ಟನಡುವಿನ ಪುಟ್ಟ ಜಾಗಕ್ಕೆ ಮ್ಯಾಕ್ಯುಲಾ ಎನ್ನುತ್ತಾರೆ. ಓದಲು, ಮುಖ ಗುರುತಿಸಲು, ಸೂಜಿಗೆ ದಾರ ಪೋಣಿಸಲು ನಾವು ಬಳಸುವುದು ಅದನ್ನೇ. ವೈದ್ಯರು ಡ್ರೈ ಎಂದು ಕರೆಯುವ ಒಣ ಬಗೆಯಲ್ಲಿ ಅದರ ಅಡಿಯಲ್ಲಿ ಡ್ರೂಸೆನ್ ಎಂಬ ಹಳದಿ ಚುಕ್ಕೆಗಳು ಕೂಡುತ್ತಾ ಹೋಗಿ, ಜೀವಕೋಶಗಳು ವರ್ಷಗಟ್ಟಲೆ ನಿಧಾನವಾಗಿ ಸವೆಯುತ್ತವೆ. ವೆಟ್ ಎಂದು ಕರೆಯುವ ತೇವದ ಬಗೆಯಲ್ಲಿ ಅಕ್ಷಿಪಟಲದ ಕೆಳಗಿನ ಪದರದಿಂದ ಹೊಸ, ದುರ್ಬಲ ರಕ್ತನಾಳಗಳು ಚಿಗುರಿ, ನೀರನ್ನೂ ರಕ್ತವನ್ನೂ ಸೋರಿಸಿ, ಕೊನೆಗೆ ಕಲೆ ಕಟ್ಟಿಸುತ್ತವೆ. ಹೆಚ್ಚಿನವರಿಗೆ ಇರುವುದು ಒಣ ಬಗೆಯಾದರೂ, ವಾರಗಳಲ್ಲಿ, ತಿಂಗಳುಗಳಲ್ಲಿ ದೃಷ್ಟಿ ಕಸಿಯುವುದು ತೇವದ ಬಗೆ. ಒಣ ಬಗೆಯೇ ಮುಂದೊಂದು ದಿನ ತೇವದ ಬಗೆಗೆ ತಿರುಗುವುದೂ ಉಂಟು. ಇವೆರಡರ ಚಿಕಿತ್ಸೆ ಬೇರೆ, ಅವಸರವೂ ಬೇರೆ. ನಾನು ಹೇಳಹೊರಟಿರುವ ಅನಾಹುತ ಆದದ್ದು ಈ ವ್ಯತ್ಯಾಸವನ್ನು ಮರೆಮಾಚಿದ್ದರಿಂದಲೇ.

ದೊಡ್ಡಮ್ಮನಿಗೆ ಬಾಗಿಲಿನ ಚೌಕಟ್ಟು ನಡುವೆ ಬಾಗಿದಂತೆ ಕಾಣತೊಡಗಿತ್ತು. ಮೊದಲು ನೋಡಿದ ಕಣ್ಣಿನ ವೈದ್ಯರು ಅಕ್ಷಿಪಟಲದ ಪದರಗಳ ಚಿತ್ರ ತೆಗೆಯುವ ಓಸಿಟಿ ಸ್ಕ್ಯಾನ್ ಮಾಡಿಸಿ, ತೋಳಿನ ನರಕ್ಕೆ ಬಣ್ಣದ ದ್ರವ ಕೊಟ್ಟು ಕಣ್ಣಿನ ರಕ್ತನಾಳಗಳ ಚಿತ್ರ ತೆಗೆಸಿ, ಇದು ತೇವದ ಬಗೆ, ತಿಂಗಳಿಗೊಂದರಂತೆ ಮೂರು ಚುಚ್ಚುಮದ್ದಿನಿಂದ ಆರಂಭಿಸೋಣ, ತಡ ಬೇಡ ಎಂದರು. ಕಣ್ಣಿಗೇ ಸೂಜಿ ಎಂದಾಗ ಯಾರಿಗಾದರೂ ಎದೆ ನಡುಗುತ್ತದೆ. ಎರಡನೆಯ ಅಭಿಪ್ರಾಯ ಕೇಳೋಣವೆಂದು, ಪರಿಚಿತರು ಹೇಳಿದ ಒಂದು ಖಾಸಗಿ ಕೇಂದ್ರಕ್ಕೆ ಹೋದೆವು.

ಅಲ್ಲಿ ಸಲಹೆ ಕೊಡಲು ಕುಳಿತಿದ್ದವರು ತುಂಬ ನಯವಾಗಿ ಮಾತನಾಡಿದರು. “ಅಮ್ಮಾ, ಸೂಜಿ ಒಮ್ಮೆ ಶುರುವಾದರೆ ಜೀವನಪೂರ್ತಿ ಬಿಡುವುದಿಲ್ಲ. ಸೋಂಕಾದರೆ ಕಣ್ಣೇ ಹೋಗಬಹುದು, ಪಾರ್ಶ್ವವಾಯು ಬಂದವರೂ ಇದ್ದಾರೆ. ನಿಮ್ಮ ವಯಸ್ಸಿಗೆ ಇದೆಲ್ಲ ಯಾಕೆ?” ಎಂದು ಕೇಳಿ, ರೆಪ್ಪೆಯ ಮೇಲೆ ಸಣ್ಣ ವಿದ್ಯುತ್ ಹರಿಸುವ ಒಂದು ಚಿಕಿತ್ಸೆ, ಜೊತೆಗೆ ಹನಿ ಮತ್ತು ಕ್ಯಾಪ್ಸೂಲ್‌ಗಳಿಂದ ‘ನೀರು ತಾನಾಗಿ ಹೀರಿಹೋಗುತ್ತದೆ’ ಎಂದು ಭರವಸೆ ಕೊಟ್ಟರು. ಸೂಜಿಯ ಬಗ್ಗೆ ಅವರು ಹೇಳಿದ್ದಕ್ಕೆಲ್ಲ ಒಂದಿಷ್ಟು ಆಧಾರವಿತ್ತು, ಆದ್ದರಿಂದಲೇ ನಂಬಿಕೆ ಹುಟ್ಟಿತು. ಆದರೆ ಸೂಜಿ ಹಾಕಿಸಿಕೊಳ್ಳದಿದ್ದರೆ ಈ ಕಣ್ಣಿಗೆ ಏನಾಗುತ್ತದೆ ಎಂಬ ಒಂದೇ ಒಂದು ವಾಕ್ಯ ಆ ಮಾತುಕತೆಯಲ್ಲಾಗಲಿ, ಸಹಿ ಹಾಕಿಸಿಕೊಂಡ ಒಪ್ಪಿಗೆ ಪತ್ರದಲ್ಲಾಗಲಿ ಇರಲಿಲ್ಲ. ತಕ್ಕಡಿಯ ಒಂದೇ ತಟ್ಟೆಗೆ ಕಲ್ಲು ಹಾಕಿ ತೂಕ ತೋರಿಸಿದಂತಿತ್ತು ಅದು. ತೇವದ ಬಗೆಯಲ್ಲಿ ಸೋರುವ ರಕ್ತನಾಳವನ್ನು ಆ ವಿದ್ಯುತ್ ಚಿಕಿತ್ಸೆ ನಿಲ್ಲಿಸುತ್ತದೆ ಎಂಬುದು ಎಲ್ಲಿಯೂ ಸಾಬೀತಾಗಿಲ್ಲ.

ಇಲ್ಲಿ ಇನ್ನೊಂದು ಸಂಗತಿಯನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಇದು ಯಾರನ್ನಾದರೂ ಮೋಸಗೊಳಿಸಬಲ್ಲದು. ಆ ಕೇಂದ್ರದಲ್ಲಿ ಪ್ರತಿ ಭೇಟಿಯಲ್ಲೂ ಗೋಡೆಯ ಅಕ್ಷರಫಲಕ ಓದಿಸಿ, “ನೋಡಿ, ಹೋದ ಸಲಕ್ಕಿಂತ ಒಂದು ಸಾಲು ಹೆಚ್ಚು” ಎಂದು ಪುಸ್ತಕದಲ್ಲಿ ಬರೆದುಕೊಡುತ್ತಿದ್ದರು. ಓಸಿಟಿಯನ್ನು ಮಾತ್ರ ಒಮ್ಮೆಯೂ ಮಾಡಲಿಲ್ಲ. ಅದೇ ಫಲಕ, ಅದೇ ಅಕ್ಷರಗಳು. ದೊಡ್ಡಮ್ಮನಿಗೆ ಕೆಳಗಿನ ಸಾಲು ಬಾಯಿಪಾಠವಾಗಿತ್ತು. ಅದೂ ಅಲ್ಲದೆ, ನಡುದೃಷ್ಟಿ ಮಸುಕಾದವರು ತಮಗೇ ಅರಿವಿಲ್ಲದಂತೆ ತಲೆಯನ್ನು ತುಸು ಓರೆಮಾಡಿ, ಮ್ಯಾಕ್ಯುಲಾದ ಅಂಚಿನ ಭಾಗದಿಂದ ಓದಲು ಕಲಿತುಬಿಡುತ್ತಾರೆ. ಹಾಗೆ ಓದಿದ ಸಾಲು ಕಣ್ಣು ಗುಣವಾಗುತ್ತಿದೆ ಎಂಬುದಕ್ಕೆ ಸಾಕ್ಷಿಯಲ್ಲ. ಅಕ್ಷಿಪಟಲದ ಪದರಗಳ ನಡುವೆ ನೀರು ನಿಂತಿದೆಯೇ, ಕಡಿಮೆಯಾಗಿದೆಯೇ ಎಂಬುದು ಓಸಿಟಿ ಚಿತ್ರದಲ್ಲಿ ಕಾಣುತ್ತದೆ. ಚಿಕಿತ್ಸೆ ಫಲಿಸುತ್ತಿದೆ ಎನ್ನುವವರು ಆ ಚಿತ್ರವನ್ನು ತೋರಿಸಿ ಹೇಳಬೇಕು.

ಒಂದು ಬೆಳಿಗ್ಗೆ ದೊಡ್ಡಮ್ಮನಿಗೆ ಎಡಗಣ್ಣಿನ ನಡುವೆ ಕಪ್ಪು ಕವಿದಿತ್ತು. ಕೇಂದ್ರಕ್ಕೆ ಫೋನ್ ಮಾಡಿದರೆ, ಚಿಕಿತ್ಸೆಯ ನಡುವೆ ಹೀಗಾಗುವುದು ಸಹಜ, ಮುಂದಿನ ಸರದಿಗೆ ಬನ್ನಿ ಎಂದರು. ಅದೇ ದಿನ ಅಕ್ಷಿಪಟಲದ ತಜ್ಞರಲ್ಲಿಗೆ ಕರೆದೊಯ್ದಾಗ ಮ್ಯಾಕ್ಯುಲಾದ ಕೆಳಗೆ ರಕ್ತಸ್ರಾವವಾಗಿದ್ದುದೂ, ಒಂದು ಭಾಗದಲ್ಲಿ ಆಗಲೇ ಕಲೆ ಕಟ್ಟಿದ್ದುದೂ ತಿಳಿಯಿತು. ಚುಚ್ಚುಮದ್ದು ಸೋರಿಕೆಯನ್ನು ತಡೆಯುತ್ತದೆ; ಕಲೆಯಾದ ಜಾಗದಲ್ಲಿ ಸತ್ತ ಜೀವಕೋಶವನ್ನು ಅದು ಬದುಕಿಸಲಾರದು.

ಹಾಗಾದರೆ ಎರಡೂ ಕಡೆಯ ಅಪಾಯವನ್ನು ನ್ಯಾಯವಾಗಿ ತೂಗಿದರೆ ಹೇಗೆ ಕಾಣುತ್ತದೆ? ತೇವದ ಬಗೆಗೆ ಕೊಡುವ ಚುಚ್ಚುಮದ್ದುಗಳು ರಕ್ತನಾಳಗಳನ್ನು ಚಿಗುರಿಸುವ ವಿಇಜಿಎಫ್ ಎಂಬ ಪ್ರೋಟೀನನ್ನು ತಡೆಯುತ್ತವೆ. 2006ರಲ್ಲಿ ಪ್ರಕಟವಾದ ಮರೀನಾ ಪರೀಕ್ಷೆಯಲ್ಲಿ ರಾನಿಬಿಜುಮಾಬ್ ಎಂಬ ಇಂಥದೊಂದು ಮದ್ದು ಪಡೆದವರ ಪೈಕಿ, ಒಂದು ವರ್ಷದ ಕೊನೆಗೆ, ಫಲಕದ ಮೂರು ಸಾಲು ಅಂದರೆ 15 ಅಕ್ಷರಗಳಷ್ಟು ದೃಷ್ಟಿ ಕಳೆದುಕೊಂಡವರು ನೂರಕ್ಕೆ ಸುಮಾರು 5 ಮಂದಿ. ಸೂಜಿಯ ನಟನೆ ಮಾತ್ರ ಮಾಡಿಸಿಕೊಂಡು ಮದ್ದು ಪಡೆಯದವರಲ್ಲಿ ಸುಮಾರು 38 ಮಂದಿ. ಪೂರ್ಣ ಪ್ರಮಾಣದ ಮದ್ದು ಪಡೆದವರಲ್ಲಿ ಮೂರನೆಯ ಒಂದು ಭಾಗದಷ್ಟು ಜನರಿಗೆ ದೃಷ್ಟಿ ಮೂರು ಸಾಲು ಉತ್ತಮಗೊಂಡಿತು. ಇನ್ನೊಂದು ಕಡೆ, ಎಲ್ಲರೂ ಹೆದರುವ ಕಣ್ಣೊಳಗಿನ ಸೋಂಕು ಕೆಲವು ಸಾವಿರ ಚುಚ್ಚುಮದ್ದುಗಳಿಗೆ ಒಂದರಂತೆ ಆಗುತ್ತದೆ. ವರ್ಷಗಟ್ಟಲೆ ಹಾಕಿಸಿಕೊಳ್ಳುವವರಿಗೆ ಈ ಅಪಾಯ ಪ್ರತಿ ಸಲವೂ ಹೊಸದಾಗಿ ಇರುತ್ತದೆ ಎಂಬುದನ್ನೂ ಮುಚ್ಚಿಡಬಾರದು. ಸೋಂಕಾದರೆ ಅದು ನಿಜಕ್ಕೂ ಭೀಕರ. ಚುಚ್ಚುಮದ್ದಿನ ನಂತರದ ದಿನಗಳಲ್ಲಿ ನೋವು ಹೆಚ್ಚುತ್ತಾ ಹೋದರೆ, ಕಣ್ಣು ಕೆಂಪಾಗಿ ದೃಷ್ಟಿ ಕುಸಿದರೆ, ರಾತ್ರಿಯಾದರೂ ಸರಿ, ಕಾಯದೆ ತುರ್ತು ಚಿಕಿತ್ಸೆಗೆ ಹೋಗಬೇಕು. ಬಿಳಿಗುಡ್ಡೆಯ ಮೇಲೆ ನೋವಿಲ್ಲದ ರಕ್ತದ ಕಲೆ, ಒಂದೆರಡು ದಿನ ತೇಲುವ ಚುಕ್ಕೆಗಳು ಸಾಮಾನ್ಯ. ಪಾರ್ಶ್ವವಾಯುವೋ ಹೃದಯಾಘಾತವೋ ಇತ್ತೀಚೆಗೆ ಆಗಿದ್ದರೆ ಅದನ್ನು ಚುಚ್ಚುಮದ್ದಿಗೆ ಮೊದಲೇ ವೈದ್ಯರಿಗೆ ತಿಳಿಸಬೇಕು. ಅಂಥವರ ವಿಷಯದಲ್ಲಿ ತೂಗಿ ನೋಡುವುದು ಬೇರೆಯೇ ಆಗುತ್ತದೆ.

ಸೂಜಿಯ ಭಯವನ್ನು ಹಗುರವಾಗಿ ಕಾಣುವವಳಲ್ಲ ನಾನು. ಈಗ ದೊಡ್ಡಮ್ಮನಿಗೆ ಹಾಕುವಾಗ ಪಕ್ಕದಲ್ಲೇ ನಿಂತು ನೋಡಿದ್ದೇನೆ. ಮರಗಟ್ಟಿಸುವ ಹನಿ ಬಿಟ್ಟು, ಕಂದುಬಣ್ಣದ ಅಯೋಡಿನ್ ದ್ರವದಿಂದ ರೆಪ್ಪೆಯನ್ನೂ ಕಣ್ಣನ್ನೂ ತೊಳೆದು, ರೆಪ್ಪೆ ಮುಚ್ಚದಂತೆ ಸಣ್ಣ ತಂತಿಯ ಸಾಧನ ಇಟ್ಟು, ಕಪ್ಪುಗುಡ್ಡೆಯ ಅಂಚಿನಿಂದ ಸುಮಾರು 4 ಮಿಲಿಮೀಟರ್ ಆಚೆ ಬಿಳಿಭಾಗದಲ್ಲಿ ಚುಚ್ಚುತ್ತಾರೆ. ಚುಚ್ಚುವುದು ಕ್ಷಣದ ಕೆಲಸ. ಅಯೋಡಿನ್ನಿನ ಉರಿಯೇ ಹೆಚ್ಚು ಎಂದು ಅವರು ಹೇಳುತ್ತಾರೆ. ಜೀವನಪೂರ್ತಿ ತಿಂಗಳಿಗೊಂದು ಎಂಬುದೂ ಎಲ್ಲರಿಗೂ ನಿಜವಲ್ಲ. ಕಣ್ಣು ಒಣಗಿದೆಯೆಂದು ಓಸಿಟಿಯಲ್ಲಿ ಕಂಡರೆ ಅಂತರವನ್ನು ಮೆಲ್ಲಗೆ ಹೆಚ್ಚಿಸುತ್ತಾ, ಕೆಲವರಿಗೆ ಮೂರು ತಿಂಗಳಿಗೊಂದು ಎಂಬ ಮಟ್ಟಕ್ಕೆ ತರುತ್ತಾರೆ.

ಯಾವ ಮದ್ದು ಎಂಬ ಪ್ರಶ್ನೆಯೂ ಬರುತ್ತದೆ. ಕರುಳಿನ ಕ್ಯಾನ್ಸರಿಗೆಂದು 2004ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಬೆವಾಸಿಜುಮಾಬ್ ಅಗ್ಗವಾದದ್ದು. 2011ರಲ್ಲಿ ಪ್ರಕಟವಾದ ಹೋಲಿಕೆಯ ಪರೀಕ್ಷೆಯಲ್ಲಿ ಅದು ದೃಷ್ಟಿ ಉಳಿಸುವುದರಲ್ಲಿ ರಾನಿಬಿಜುಮಾಬ್‌ಗೆ ಸಮನಾಗಿಯೇ ನಿಂತಿತು. ಆದರೆ ಅದನ್ನು ದೊಡ್ಡ ಶೀಶೆಯಿಂದ ಸಣ್ಣ ಸಣ್ಣ ಸಿರಿಂಜುಗಳಿಗೆ ತುಂಬಬೇಕಾಗುತ್ತದೆ, ಆ ಕೆಲಸ ಶುದ್ಧವಾಗಿ ನಡೆಯದ ಕಡೆ ಹಲವರಿಗೆ ಒಟ್ಟಿಗೆ ಸೋಂಕು ತಗುಲಿದ್ದುಂಟು. ಎಲ್ಲಿ, ಯಾರು ತುಂಬುತ್ತಾರೆ ಎಂದು ಕೇಳಲು ಸಂಕೋಚ ಬೇಡ. ಹೊಸ ಮದ್ದು ಎಂದಮಾತ್ರಕ್ಕೆ ಮೇಲಾದದ್ದು ಎಂದೂ ತಿಳಿಯಬಾರದು: 2019ರಲ್ಲಿ ಬಂದ ಬ್ರೊಲುಸಿಜುಮಾಬ್‌ನಿಂದ ಕೆಲವರ ಅಕ್ಷಿಪಟಲದ ರಕ್ತನಾಳಗಳು ಉರಿಯೂತದಿಂದ ಕಟ್ಟಿಕೊಂಡದ್ದು ಮರುವರ್ಷವೇ ವರದಿಯಾಯಿತು.

ಕ್ಯಾಪ್ಸೂಲ್‌ಗಳ ವಿಷಯದಲ್ಲಿ ನಮಗೆ ಹೇಳಿದ್ದು ಅರ್ಧಸತ್ಯ. ವಿಟಮಿನ್ ಸಿ, ವಿಟಮಿನ್ ಇ, ಸತು, ತಾಮ್ರಗಳ ಒಂದು ನಿರ್ದಿಷ್ಟ ಮಿಶ್ರಣವು ಮಧ್ಯಮ ಹಂತದವರಲ್ಲಿ ಮತ್ತು ಒಂದು ಕಣ್ಣು ಆಗಲೇ ಕೆಟ್ಟವರಲ್ಲಿ, ಕಾಯಿಲೆ ಮುಂದಿನ ಹಂತಕ್ಕೆ ಹೋಗುವ ಸಾಧ್ಯತೆಯನ್ನು ಐದು ವರ್ಷಗಳಲ್ಲಿ ಸುಮಾರು ಕಾಲುಭಾಗದಷ್ಟು ತಗ್ಗಿಸುತ್ತದೆ ಎಂದು 2001ರ ದೊಡ್ಡ ಅಧ್ಯಯನ ತೋರಿಸಿತು. ಮೊದಲ ಸೂತ್ರದಲ್ಲಿದ್ದ ಬೀಟಾ ಕ್ಯಾರೋಟಿನ್ ಧೂಮಪಾನಿಗಳಲ್ಲಿ ಶ್ವಾಸಕೋಶದ ಕ್ಯಾನ್ಸರ್ ಅಪಾಯವನ್ನು ಹೆಚ್ಚಿಸುವುದರಿಂದ, 2013ರ ಮುಂದುವರಿದ ಅಧ್ಯಯನದ ನಂತರ ಅದರ ಬದಲಿಗೆ ಲೂಟೀನ್ ಮತ್ತು ಜಿಯಾಕ್ಸಾಂಥಿನ್ ಬಂದವು. ಸೋರುತ್ತಿರುವ ಕಣ್ಣನ್ನು ಈ ಯಾವ ಮಾತ್ರೆಯೂ ಒಣಗಿಸುವುದಿಲ್ಲ. ಧೂಮಪಾನ ಬಿಡುವುದರಿಂದ ಆಗುವ ಉಪಕಾರ ದೊಡ್ಡದು, ಅದಕ್ಕೆ ಖರ್ಚೂ ಇಲ್ಲ.

ಒಣ ಬಗೆಯ ಮುಂದುವರಿದ ಹಂತಕ್ಕೂ 2023ರಲ್ಲಿ ಅಮೆರಿಕದಲ್ಲಿ ಎರಡು ಚುಚ್ಚುಮದ್ದುಗಳಿಗೆ ಒಪ್ಪಿಗೆ ಸಿಕ್ಕಿತು, ಪೆಗ್ಸೆಟಕೊಪ್ಲಾನ್ ಮತ್ತು ಅವಾಸಿನ್‌ಕ್ಯಾಪ್ಟಾಡ್. ಇವು ಸವೆತ ಹರಡುವ ವೇಗವನ್ನು ತಗ್ಗಿಸುತ್ತವೆಯೇ ಹೊರತು ಹೋದ ದೃಷ್ಟಿಯನ್ನು ತರುವುದಿಲ್ಲ. ಜೊತೆಗೆ, ಪಡೆದವರಲ್ಲಿ ತೇವದ ಬಗೆ ಹುಟ್ಟುವ ಸಾಧ್ಯತೆ ಹೆಚ್ಚುತ್ತದೆ. ಇಲ್ಲಿ ‘ಬೇಡ’ ಎಂಬ ತೀರ್ಮಾನವೂ ವಿವೇಕದ್ದೇ ಆಗಿರಬಹುದು. ಹಣ ಪಡೆದು ಆಕರಕೋಶ (ಸ್ಟೆಮ್ ಸೆಲ್) ಚಿಕಿತ್ಸೆ ಮಾಡುತ್ತೇವೆ ಎನ್ನುವವರಿಂದ ಮಾತ್ರ ದೂರವಿರಿ. ಅಮೆರಿಕದ ಫ್ಲೋರಿಡಾದಲ್ಲಿ ಮೂವರು ಮಹಿಳೆಯರು ತಮ್ಮದೇ ಕೊಬ್ಬಿನಿಂದ ತೆಗೆದ ಕೋಶಗಳನ್ನು ಎರಡೂ ಕಣ್ಣುಗಳಿಗೆ ಹಾಕಿಸಿಕೊಂಡು ತೀವ್ರ ದೃಷ್ಟಿನಾಶಕ್ಕೆ ಗುರಿಯಾದದ್ದು 2017ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಗಿದೆ. ಹಣ ಕೊಟ್ಟು ಸೇರಬೇಕಾದ ‘ಸಂಶೋಧನೆ’, ಒಂದೇ ದಿನ ಎರಡೂ ಕಣ್ಣುಗಳ ಮೇಲೆ ಪ್ರಯೋಗ, ಇವೆರಡೂ ಅಲ್ಲಿ ಇದ್ದವು.

ಯಾರೇ ಯಾವ ಚಿಕಿತ್ಸೆ ಹೇಳಿದರೂ ಮೊದಲು ಕೇಳಬೇಕಾದದ್ದು: ಇದು ಒಣ ಬಗೆಯೋ ತೇವದ ಬಗೆಯೋ, ಈ ಚಿಕಿತ್ಸೆ ಬೇಡವೆಂದರೆ ಮುಂದಿನ ಮೂರು ತಿಂಗಳಲ್ಲಿ ನನ್ನ ಕಣ್ಣಿಗೆ ಏನಾಗಬಹುದು, ಫಲ ಸಿಕ್ಕಿತೋ ಇಲ್ಲವೋ ಎಂದು ಯಾವ ಪರೀಕ್ಷೆಯಿಂದ, ಯಾವಾಗ ತೀರ್ಮಾನಿಸುತ್ತೀರಿ. ಎರಡನೆಯ ಅಭಿಪ್ರಾಯ ಖಂಡಿತ ಪಡೆಯಿರಿ, ಆದರೆ ಅದನ್ನು ಅಕ್ಷಿಪಟಲದ ತಜ್ಞರಿಂದ, ಅದೇ ವಾರದೊಳಗೆ ಪಡೆಯಿರಿ. ಮನೆಯಲ್ಲಿ ಆಮ್ಸ್ಲರ್ ಚೌಕಟ್ಟಿನ ಹಾಳೆ, ಅಂದರೆ ನೇರ ಗೆರೆಗಳ ಚೌಕುಳಿಯ ನಡುವೆ ಒಂದು ಚುಕ್ಕೆ ಇರುವ ಹಾಳೆ, ಇಟ್ಟುಕೊಂಡು, ಓದುವ ಕನ್ನಡಕ ಹಾಕಿಕೊಂಡು, ಒಂದೊಂದೇ ಕಣ್ಣು ಮುಚ್ಚಿ ನಡುವಿನ ಚುಕ್ಕೆಯನ್ನು ನೋಡುವ ರೂಢಿ ಮಾಡಿಕೊಳ್ಳಿ. ಎರಡೂ ಕಣ್ಣು ತೆರೆದಿದ್ದರೆ ಒಳ್ಳೆಯ ಕಣ್ಣು ಕೆಟ್ಟ ಕಣ್ಣಿನ ದೋಷವನ್ನು ಮರೆಸಿಬಿಡುತ್ತದೆ. ದೊಡ್ಡಮ್ಮನ ಬಲಗಣ್ಣಿನಲ್ಲೂ ಸೋರಿಕೆ ಶುರುವಾದದ್ದು ಹೀಗೆಯೇ, ಗೆರೆಯೊಂದು ಸೊಟ್ಟಗೆ ಕಂಡ ದಿನವೇ ಗೊತ್ತಾಯಿತು. ಆ ಕಣ್ಣಿಗೆ ಸಕಾಲದಲ್ಲಿ ಮದ್ದು ಬಿದ್ದು, ಅದರಿಂದ ಅವರು ಇಂದಿಗೂ ಓದುತ್ತಾರೆ. ಇನ್ನೊಂದು ವಿಷಯ: ಪ್ರತಿ ಸ್ಕ್ಯಾನಿನ ಚಿತ್ರದ ಪ್ರತಿಯನ್ನು ದಿನಾಂಕದ ಸಮೇತ ಕೇಳಿ ಪಡೆದು ನಿಮ್ಮ ಬಳಿಯೇ ಇಟ್ಟುಕೊಳ್ಳಿ. ಆ ಕೇಂದ್ರ ನಮಗೆ ಕೊಟ್ಟಿದ್ದು ಅಕ್ಷರಫಲಕದ ಅಂಕಿಗಳನ್ನು ಮಾತ್ರ. ಸೋರಿಕೆ ಯಾವಾಗ ಹೆಚ್ಚಿತು, ಕಲೆ ಯಾವಾಗ ಕಟ್ಟಿತು ಎಂದು ತಜ್ಞರು ಕೇಳಿದಾಗ ತೋರಿಸಲು ನಮ್ಮ ಬಳಿ ಒಂದು ಚಿತ್ರವೂ ಇರಲಿಲ್ಲ.